ನಲವತ್ತು ಸಾವಿರಕ್ಕೆ ದೊಡ್ಡ ಟಿವಿ: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಬಿಡಬೇಕು

ಟಿವಿ ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಒಂದು ಗೋಡೆ. ಕೆಳಗಿಂದ ಮೇಲಿನವರೆಗೂ ಟಿವಿಗಳೇ. ಎಲ್ಲದರಲ್ಲೂ ಅದೇ ಪಂಚರಂಗಿ ಗಿಳಿ, ಅದೇ ಸಮುದ್ರದಡಿಯ ಮೀನು, ಅದೇ ನಿಧಾನಕ್ಕೆ ಸುರಿಯುವ ಬಣ್ಣ. ಒಂದರ ಬೆಲೆ 32 ಸಾವಿರ, ಪಕ್ಕದ್ದು 58 ಸಾವಿರ, ಆಚೆಯದು ಒಂದೂವರೆ ಲಕ್ಷ. ಮೂರೂ 55 ಇಂಚು, ಮೂರೂ 4ಕೆ. ಮೂರರ ಡಬ್ಬದ ಮೇಲೂ ಎಚ್‌ಡಿಆರ್ ಅಂತ ಬರೆದಿದೆ. ಹಾಗಾದರೆ ಮಿಕ್ಕ ದುಡ್ಡು ಹೋಗಿದ್ದು ಎಲ್ಲಿಗೆ?

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿರುವುದು ಸುಮಾರು 40 ಸಾವಿರ ಅಂದರೆ ಅದು ಎರಡೇ ಕಡೆ ಖರ್ಚಾಗಬೇಕು. ಮೊದಲು ನಿಮ್ಮ ಹಾಲ್‌ಗೆ ಒಪ್ಪುವ ಅಳತೆಗೆ, ಆಮೇಲೆ ಪರದೆಯ ಹಿಂದಿರುವ ಬೆಳಕಿಗೆ. ಸ್ಮಾರ್ಟು, ಸೌಂಡು, ಹೇಳಿದ್ದು ಕೇಳುವ ರಿಮೋಟು, ಇವನ್ನೆಲ್ಲ ಮುಂದಿನ ವರ್ಷ ಬೇಕಾದರೂ ಹೊರಗಿಂದ ತಂದು ಸೇರಿಸಬಹುದು. ಪರದೆಯನ್ನು ಮಾತ್ರ ಆಮೇಲೆ ಬದಲಾಯಿಸೋಕೆ ಆಗಲ್ಲ.

ಇಷ್ಟು ಅಗ್ಗ ಆಗಿದ್ದು ಹೇಗೆ

ಹದಿನೈದು ವರ್ಷದ ಹಿಂದೆ 55 ಇಂಚಿನ ಟಿವಿ ಅಂದರೆ ಲಕ್ಷದ ಮೇಲಿನ ಮಾತು. ಈಗ ಒಳ್ಳೆ ಫೋನಿನ ಬೆಲೆಗೆ ಸಿಗುತ್ತದೆ. ಇದಕ್ಕೆ ದೊಡ್ಡ ಕಾರಣ ಗಾಜು.

ಟಿವಿ ಪರದೆಗಳನ್ನು ಒಂದೊಂದಾಗಿ ಮಾಡುವುದಿಲ್ಲ. ದೊಡ್ಡ ಗಾಜಿನ ಹಾಳೆಯ ಮೇಲೆ ಒಟ್ಟಿಗೆ ಮಾಡಿ ಆಮೇಲೆ ಕತ್ತರಿಸುತ್ತಾರೆ. ದರ್ಜಿ ಬಟ್ಟೆ ಕತ್ತರಿಸುವ ಲೆಕ್ಕವೇ ಇಲ್ಲೂ: ಚೂರು ಕಡಿಮೆ ಉಳಿದಷ್ಟೂ ಒಂದೊಂದು ತುಂಡು ಅಗ್ಗ. 8.5ನೇ ಪೀಳಿಗೆ ಅಂತ ಕರೆಯುವ ಕಾರ್ಖಾನೆಗಳ ಹಾಳೆ 2.2 ಮೀಟರ್ ಅಗಲ, 2.5 ಮೀಟರ್ ಉದ್ದ. ಅದರಲ್ಲಿ 55 ಇಂಚಿನ ಆರು ಪರದೆ ಅಚ್ಚುಕಟ್ಟಾಗಿ ಬರುತ್ತವೆ. 10.5ನೇ ಪೀಳಿಗೆಯ ಹಾಳೆ ಇನ್ನೂ ದೊಡ್ಡದು, 2.94 ಮೀಟರ್‌ಗೆ 3.37 ಮೀಟರ್. ಅದರಲ್ಲಿ 65 ಇಂಚಿನವು ಎಂಟು, ಇಲ್ಲವೇ 75 ಇಂಚಿನವು ಆರು. ಇಂಥ ಮೊದಲ ಕಾರ್ಖಾನೆಯನ್ನು ಚೀನಾದ ಬಿಒಇ ಕಂಪನಿ 2017ರ ಕೊನೆಗೆ ಹೆಫೈ ನಗರದಲ್ಲಿ ಶುರು ಮಾಡಿತು. ಟಿಸಿಎಲ್‌ನ ಅಂಗಸಂಸ್ಥೆ ಸಿಎಸ್‌ಒಟಿ ಶೆನ್‌ಜೆನ್‌ನಲ್ಲಿ ಅದೇ ದಾರಿ ಹಿಡಿಯಿತು. ದೊಡ್ಡ ಪರದೆಗಳ ಬೆಲೆ ಇಳಿಯುತ್ತಾ ಹೋಯಿತು. 2022ರಲ್ಲಿ ಸ್ಯಾಮ್‌ಸಂಗ್ ಎಲ್‌ಸಿಡಿ ಪ್ಯಾನೆಲ್ ತಯಾರಿಕೆಯನ್ನೇ ಬಿಟ್ಟಿತು.

ನಮಗೆ ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಮುಂದೆ ಯಾವ ಹೆಸರೇ ಇರಲಿ, ಒಳಗಿನ ಗಾಜು ಬಹಳಷ್ಟು ಸಲ ಚೀನಾದ ಅದೇ ನಾಲ್ಕೈದು ಕಾರ್ಖಾನೆಗಳದ್ದು. ಎರಡು, ಕೊಟ್ಟ ರೂಪಾಯಿಗೆ ಹೆಚ್ಚು ಪರದೆ ಸಿಗುವುದು ಸಾಮಾನ್ಯವಾಗಿ 55 ಮತ್ತು 65 ಇಂಚಿನಲ್ಲಿ. ಹುಡುಕಾಟ ಅಲ್ಲಿಂದ ಶುರು ಮಾಡಿ.

ತೆರಿಗೆಯೂ ಈಗ ನಮ್ಮ ಕಡೆ ಇದೆ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲೆ ಮೊದಲು ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 30 ಸಾವಿರದ ಟಿವಿ ಹಿಂದೆ 38,400 ಆಗುತ್ತಿತ್ತು, ಈಗ 35,400. ಚಿಕ್ಕ ಟಿವಿಗಳಿಗೆ ಅದಕ್ಕೂ ಮೊದಲೇ ಶೇ 18 ಇದ್ದಿದ್ದರಿಂದ 'ಸಾಕು, 32 ಇಂಚೇ ತಗೊಳ್ಳೋಣ' ಅನ್ನುವುದಕ್ಕೆ ಒಂದು ಕಾರಣ ಇರುತ್ತಿತ್ತು. ಆ ಕಾರಣ ಈಗ ಹೋಯಿತು. ಅಂಗಡಿಯವರು ಹಳೇ ಎಂಆರ್‌ಪಿಗೆ ಗೆರೆ ಎಳೆದು 'ನೋಡಿ ಸರ್, ಎಷ್ಟು ಡಿಸ್ಕೌಂಟ್' ಅಂದರೆ ಅದರಲ್ಲಿ ಸರ್ಕಾರ ಬಿಟ್ಟಿದ್ದೆಷ್ಟು, ಅಂಗಡಿಯವರು ಬಿಟ್ಟಿದ್ದೆಷ್ಟು ಅಂತ ಒಮ್ಮೆ ಯೋಚಿಸಿ.

ಟೇಪು ಹಿಡಿದು ಹಾಲ್ ಅಳೆಯಿರಿ

ಅಂಗಡಿಯಲ್ಲಿ 55 ಇಂಚು ಚಿಕ್ಕದಾಗಿ ಕಾಣುತ್ತದೆ, ಮನೆಯಲ್ಲಿ ಅದೇ ಟಿವಿ ಗೋಡೆ ತುಂಬಾ ಕಾಣುತ್ತದೆ. ಅದಕ್ಕೇ ಕಣ್ಣಳತೆ ನಂಬಬೇಡಿ. ಟಿವಿ ಬರುವ ಗೋಡೆಯಿಂದ, ಸೋಫಾದಲ್ಲಿ ಒರಗಿ ಕೂತಾಗ ತಲೆ ಎಲ್ಲಿರುತ್ತದೋ ಅಲ್ಲಿಯವರೆಗೆ ಅಳೆಯಿರಿ. ಅದನ್ನು ಇಂಚಿನಲ್ಲಿ ಬರೆದುಕೊಳ್ಳಿ. 1.6ರಿಂದ ಭಾಗಿಸಿದರೆ ಆರಾಮಾಗಿ ನೋಡುವ ಅಳತೆ ಸಿಗುತ್ತದೆ. 1.2ರಿಂದ ಭಾಗಿಸಿದರೆ ಚಿತ್ರಮಂದಿರದ ಮಧ್ಯದ ಸಾಲಿನ ಅನುಭವ ಕೊಡುವ ಅಳತೆ.

ಬೆಂಗಳೂರಿನ 30-40 ಸೈಟಿನ ಬಾಡಿಗೆ ಮನೆ ತಗೊಳ್ಳಿ. ಹಾಲ್ ಹತ್ತಡಿ-ಹನ್ನೆರಡಡಿ ಇರುತ್ತದೆ. ಸೋಫಾ ಗೋಡೆಗೆ ಒತ್ತಿ ಹಾಕಿದರೂ ಕಣ್ಣಿಂದ ಟಿವಿಗೆ ಸುಮಾರು ಎಂಟಡಿ, ಅಂದರೆ 96 ಇಂಚು. 1.6ರಿಂದ ಭಾಗಿಸಿದರೆ 60, 1.2ರಿಂದ ಭಾಗಿಸಿದರೆ 80. ಹಾಗಾಗಿ ಅಲ್ಲಿ 55 ಇಂಚು 'ತುಂಬಾ ದೊಡ್ಡದು' ಏನಲ್ಲ, ಲೆಕ್ಕಕ್ಕಿಂತ ತುಸು ಚಿಕ್ಕದೇ. 65 ಕೂಡ ನಡೆಯುತ್ತದೆ. 'ಕಣ್ಣು ಹಾಳಾಗುತ್ತೆ, ಇಷ್ಟು ದೊಡ್ಡದು ಯಾಕೆ' ಅಂತ ಮನೆಯಲ್ಲಿ ಹಿರಿಯರು ಹೇಳುವುದು ಹಳೇ ಡಬ್ಬ ಟಿವಿ ಕಾಲದ ಮಾತು.

ಇಂಚಿನ ಲೆಕ್ಕ ಇನ್ನೊಂದು ಕಡೆ ಮೋಸ ಮಾಡುತ್ತದೆ. ಅದು ಮೂಲೆಯಿಂದ ಮೂಲೆಗೆ ಅಳೆದದ್ದು. ಆದರೆ ಕಣ್ಣಿಗೆ ಕಾಣುವುದು ವಿಸ್ತೀರ್ಣ. 43ರಿಂದ 55ಕ್ಕೆ ಹೋದರೆ ಬರೀ ಹನ್ನೆರಡು ಇಂಚು ಜಾಸ್ತಿ ಅನಿಸುತ್ತದೆ, ಪರದೆ ಮಾತ್ರ ಶೇ 64ರಷ್ಟು ದೊಡ್ಡದಾಗುತ್ತದೆ. 55ರಿಂದ 65ಕ್ಕೆ ಶೇ 40.

ಈಗ ಶೋಕೇಸ್ ವಿಷಯ. ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಕಟ್ಟಿದ ಮನೆಗಳಲ್ಲಿ ಟಿವಿಗೆ ಅಂತಲೇ ಗೂಡು ಬಿಟ್ಟಿರುತ್ತಾರೆ. ಅದು 21 ಇಂಚಿನ ಡಬ್ಬ ಟಿವಿಗೆ ಮಾಡಿದ್ದು. 55 ಇಂಚಿನ ಟಿವಿ ಅಗಲ ಸರಿಯಾಗಿ ನಾಲ್ಕಡಿ, ಎತ್ತರ 27 ಇಂಚು. 65 ಇಂಚಿನದು ಅಗಲ ನಾಲ್ಕು ಮುಕ್ಕಾಲು ಅಡಿ. ಟೇಬಲ್ ಮೇಲೆ ಇಡುವುದಾದರೆ ಟಿವಿ ಅಗಲಕ್ಕಿಂತ ಅದರ ಕಾಲುಗಳ ನಡುವಿನ ಅಂತರ ಮುಖ್ಯ. ಈಗಿನ ಅಗ್ಗದ ಟಿವಿಗಳಿಗೆ ಮಧ್ಯದಲ್ಲಿ ಒಂದು ಸ್ಟ್ಯಾಂಡ್ ಇರುವುದು ಕಡಿಮೆ, ಎರಡು ತುದಿಯಲ್ಲಿ ಎರಡು ಕಾಲು. ನಿಮ್ಮ ಟಿವಿ ಯೂನಿಟ್ ಮೂರಡಿ ಇದ್ದರೆ ಒಂದು ಕಾಲು ಗಾಳಿಯಲ್ಲಿ ನಿಲ್ಲುತ್ತದೆ. ಮಾಡೆಲ್‌ನ ವಿವರದಲ್ಲಿ ಈ ಅಳತೆ ಕೊಟ್ಟಿರುತ್ತಾರೆ, ನೋಡಿಕೊಳ್ಳಿ.

ಗೋಡೆಗೆ ಹಾಕುವುದಾದರೆ ಗೋಡೆ ಯಾವುದರದ್ದು ಅಂತ ತಿಳಿದಿರಲಿ. ಹಾಲೋ ಬ್ಲಾಕ್ ಗೋಡೆಯಲ್ಲಿ ಸ್ಕ್ರೂ ಹಿಡಿಯಲು ಹಾಕುವ ಸಾಮಾನ್ಯ ಪ್ಲಗ್ ಸಡಿಲ ಆಗಬಹುದು. ಕರಾವಳಿಯ ಕೆಂಪು ಕಲ್ಲಿನ ಗೋಡೆಯಲ್ಲಿ ಡ್ರಿಲ್ ಹಾಕಿದರೆ ತೂತು ಅಗಲ ಆಗಿಬಿಡುತ್ತದೆ. ಎರಡಕ್ಕೂ ಉದ್ದದ ಆ್ಯಂಕರ್ ಬೇಕು, ಟಿವಿ ಹಾಕಲು ಬರುವ ಹುಡುಗನಿಗೆ ಮೊದಲೇ ಫೋನಿನಲ್ಲಿ ಹೇಳಿಬಿಡಿ. ಬಾಡಿಗೆ ಮನೆಯಾದರೆ ಓನರ್‌ಗೂ ಹೇಳಿ. ಎತ್ತರ ಜಾಸ್ತಿ ಬೇಡ. ಬಾಗಿಲಿನ ಚೌಕಟ್ಟಿನ ಮಟ್ಟಕ್ಕೆ ಟಿವಿ ತೂಗುಹಾಕಿ ಆಮೇಲೆ ಕುತ್ತಿಗೆ ನೋವು ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಪರದೆಯ ಮಧ್ಯಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು ಮೂರೂವರೆ ಅಡಿಗೆ ಬಂದರೆ ಸರಿ.

4ಕೆ ಇದೆ, ಆದರೆ ಒಳಗೆ ಏನು ಹಾಕ್ತೀರಿ?

4ಕೆ ಅಂದರೆ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕೆ. ಒಟ್ಟು ಸುಮಾರು 83 ಲಕ್ಷ. ಫುಲ್ ಎಚ್‌ಡಿಯಲ್ಲಿ 20 ಲಕ್ಷಕ್ಕೆ ತುಸು ಹೆಚ್ಚು. ಕೇಳೋಕೆ ಭಾರೀ ವ್ಯತ್ಯಾಸ. ಆದರೆ ಸರಿಯಾಗಿ ಕಾಣುವ ಕಣ್ಣಿಗೂ 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆಗಳು ಸುಮಾರು ಏಳಡಿ ದಾಟಿದರೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಎಂಟಡಿ ದೂರದಲ್ಲಿ ಕೂತವರಿಗೆ 4ಕೆಯ ಲಾಭ ಅಷ್ಟಕ್ಕಷ್ಟೇ. ಹೇಗೂ 55 ಇಂಚಿನಲ್ಲಿ ಈಗ ಬರುವುದೆಲ್ಲ 4ಕೆಯೇ, ಹಾಗಾಗಿ ಅದನ್ನು ದೊಡ್ಡ ಗುಣ ಅಂತ ಹೇಳಿ ಮಾರುವವರ ಮಾತಿಗೆ ಸುಮ್ನೆ ತಲೆಯಾಡಿಸಿ ಮುಂದೆ ಹೋಗಿ. 8ಕೆ ಬಗ್ಗೆ ಮಾತೇ ಬೇಡ.

ನಿಜವಾದ ತೊಂದರೆ ಬೇರೆ ಕಡೆ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಓಡುವುದು ಸೀರಿಯಲ್ಲು, ನ್ಯೂಸು. ಅದೂ ಎಸ್‌ಡಿ ಚಾನೆಲ್‌ನಲ್ಲಿ. ಎಸ್‌ಡಿ ಚಿತ್ರದಲ್ಲಿ ಇರುವುದೇ ಸುಮಾರು ನಾಲ್ಕು ಲಕ್ಷ ಚುಕ್ಕೆ. ಅದನ್ನು 83 ಲಕ್ಷ ಚುಕ್ಕೆಯ ಪರದೆಗೆ ಎಳೆದು ಹರಡಬೇಕು. ಒಂದು ಚುಕ್ಕೆಯ ಮಾಹಿತಿಯಿಂದ ಇಪ್ಪತ್ತು ಚುಕ್ಕೆ ತುಂಬಿಸಬೇಕು, ಮಿಕ್ಕಿದ್ದನ್ನು ಟಿವಿ ಊಹೆ ಮಾಡುತ್ತದೆ. ಊಹೆ ಮಾಡುವ ಚಿಪ್ಪು ಚೆನ್ನಾಗಿದ್ದರೆ ಮುಖ ಮುಖದ ಹಾಗೆ ಕಾಣುತ್ತದೆ, ಇಲ್ಲವಾದರೆ ಮಸುಕು. ದುಬಾರಿ ಟಿವಿಗಳ ಬೆಲೆಯಲ್ಲಿ ಈ ಚಿಪ್ಪಿನ ಪಾಲೂ ಇದೆ. ಹೊಸ ಟಿವಿ ತಂದ ವಾರದಲ್ಲೇ 'ಹಳೇ ಟಿವಿನೇ ಚೆನ್ನಾಗಿತ್ತು' ಅನ್ನುವ ಮಾತು ಬರುವುದು ಇದರಿಂದ.

ಇದಕ್ಕೆ ಪರಿಹಾರ ಟಿವಿಗಿಂತ ಅಗ್ಗ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ, ಎಲ್ಲಕ್ಕೂ ಎಚ್‌ಡಿ ಚಾನೆಲ್ ಇದೆ. ಕೇಬಲ್‌ನವರಿಗೋ ಡಿಶ್‌ನವರಿಗೋ ಹೇಳಿ ಎಚ್‌ಡಿ ಬಾಕ್ಸ್ ಹಾಕಿಸಿ, ನೀವು ನೋಡುವ ಎರಡು-ಮೂರು ಚಾನೆಲ್ ಎಚ್‌ಡಿ ಮಾಡಿಸಿ. ಆಮೇಲೆ ಟಿವಿ ಹಿಂದೆ ಬಗ್ಗಿ ನೋಡಿ: ಬಾಕ್ಸಿನಿಂದ ಬಂದಿರುವುದು ಕೆಂಪು, ಬಿಳಿ, ಹಳದಿ ಮೂರು ಪಿನ್ನಿನ ವೈರಾ? ಹಾಗಿದ್ದರೆ ಎಚ್‌ಡಿಗೆ ದುಡ್ಡು ಕಟ್ಟಿಯೂ ನೀವು ನೋಡುತ್ತಿರುವುದು ಎಸ್‌ಡಿ. ಆ ಹಳದಿ ಪಿನ್ನಿನಲ್ಲಿ ಎಚ್‌ಡಿ ಹೋಗುವುದೇ ಇಲ್ಲ. ಇನ್ನೂರು-ಮುನ್ನೂರು ರೂಪಾಯಿಯ ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸಿನ ಸೆಟ್ಟಿಂಗ್‌ನಲ್ಲಿ 1080 ಅಂತ ಆರಿಸಿ. ಎಷ್ಟೋ ಮನೆಗಳಲ್ಲಿ ಹೊಸ ಟಿವಿಗಿಂತ ಈ ವೈರು ಮಾಡುವ ಬದಲಾವಣೆ ದೊಡ್ಡದು.

ಮನೆಯಲ್ಲಿರುವುದು ಡಿಡಿ ಫ್ರೀ ಡಿಶ್ ಮಾತ್ರ, ಇಂಟರ್ನೆಟ್ ಇಲ್ಲ ಅಂದರೆ ನನ್ನ ಸಲಹೆ ಬೇರೆ. 43 ಇಂಚಿಗೇ ನಿಲ್ಲಿಸಿ. ದೊಡ್ಡದು ತಂದರೆ ಮಸುಕೂ ದೊಡ್ಡದಾಗುತ್ತದೆ. ಇಂಟರ್ನೆಟ್ ಇದ್ದರೆ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸ್ಥಿರವಾಗಿ ಸಿಕ್ಕರೆ ಸಾಕು. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬರುವುದು ಎಲ್ಲಕ್ಕಿಂತ ದುಬಾರಿ ಪ್ಲಾನ್‌ನಲ್ಲಿ ಮಾತ್ರ, ಅದೂ ನೆನಪಿರಲಿ.

ಎಲ್ಲ ಆಟ ಹಿಂದಿನ ಬೆಳಕಿನದು

ಈಗ ಬೆಲೆಯ ಗುಟ್ಟಿಗೆ ಬರೋಣ. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಅದರ ಹಿಂದೆ ಎಲ್‌ಇಡಿ ದೀಪಗಳಿರುತ್ತವೆ. ಮುಂದಿನ ಚುಕ್ಕೆಗಳು ಬರೀ ಕಿಟಕಿಗಳು. ತೆರೆದರೆ ಬೆಳಕು ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ, ಪೂರ್ತಿ ಅಲ್ಲ, ಸ್ವಲ್ಪ ಸೋರುತ್ತಲೇ ಇರುತ್ತದೆ. 'ಎಲ್‌ಇಡಿ ಟಿವಿ' ಅನ್ನುವುದು ಈ ದೀಪದಿಂದ ಬಂದ ಹೆಸರು. ಪರದೆ ಎಲ್‌ಸಿಡಿಯೇ.

ಕ್ಯೂಎಲ್‌ಇಡಿ ಅಂದರೂ ಎಲ್‌ಸಿಡಿಯೇ. ದೀಪ ಮತ್ತು ಪರದೆಯ ನಡುವೆ ಕ್ವಾಂಟಮ್ ಡಾಟ್ ಅನ್ನುವ ತೀರಾ ಸಣ್ಣ ಕಣಗಳ ಪದರ ಇರುತ್ತದೆ. ಅದು ಬಣ್ಣವನ್ನು ಶುದ್ಧ ಮಾಡುತ್ತದೆ. ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಕಾಣುತ್ತದೆ. ಒಳ್ಳೆಯದೇ. ಆದರೆ ಕಪ್ಪನ್ನು ಕಪ್ಪಾಗಿ ತೋರಿಸುವುದರಲ್ಲಿ ಅದರ ಪಾಲು ಏನೂ ಇಲ್ಲ. ಒಎಲ್‌ಇಡಿ ಮಾತ್ರ ಪೂರ್ತಿ ಬೇರೆ ಜಾತಿ. ಅಲ್ಲಿ ಹಿಂದೆ ದೀಪವೇ ಇಲ್ಲ, ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕತ್ತಲಿನ ದೃಶ್ಯ ನಿಜಕ್ಕೂ ಕತ್ತಲಾಗಿರುತ್ತದೆ. ಅಂಗಡಿ ಗೋಡೆಯ ಆ ಒಂದೂವರೆ ಲಕ್ಷದ ಟಿವಿ ಇದೇ. ಹೆಸರು ಕೇಳೋಕೆ ಒಂದೇ ಥರ ಇದೆ ಅಂತ ಗೊಂದಲ ಬೇಡ. 40 ಸಾವಿರಕ್ಕೆ ಯಾರಾದರೂ 55 ಇಂಚಿನ ಹೊಸ ಒಎಲ್‌ಇಡಿ ಕೊಡುತ್ತೇನೆ ಅಂದರೆ ಡಬ್ಬದ ಮೇಲಿನ ಮೊದಲ ಅಕ್ಷರವನ್ನು ಇನ್ನೊಮ್ಮೆ ಓದಿ.

ನಮ್ಮ ಬಜೆಟ್ಟಿನ ಟಿವಿಗಳಲ್ಲಿ ಹಿಂದಿನ ದೀಪಗಳೆಲ್ಲ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ರಾತ್ರಿಯ ದೃಶ್ಯದಲ್ಲಿ ಒಂದು ಚಂದ್ರ ಇದ್ದರೆ ಆ ಚಂದ್ರನಿಗಾಗಿ ಇಡೀ ಪರದೆಯ ದೀಪ ಉರಿಯಬೇಕು. ಆಗ ಆಕಾಶ ಕಪ್ಪಾಗಿರದೆ ಬೂದುಬಣ್ಣ ಆಗುತ್ತದೆ. ಇದಕ್ಕೆ ಮದ್ದು ಲೋಕಲ್ ಡಿಮ್ಮಿಂಗ್: ದೀಪಗಳನ್ನು ಗುಂಪು ಮಾಡಿ, ಕತ್ತಲಿರುವ ಕಡೆ ಮಾತ್ರ ಇಳಿಸುವುದು. ಮಿನಿ ಎಲ್‌ಇಡಿ ಟಿವಿಗಳಲ್ಲಿ ದೀಪಗಳು ತುಂಬಾ ಚಿಕ್ಕವು, ಗುಂಪುಗಳು ಜಾಸ್ತಿ, ಒಳ್ಳೆಯ ಮಾಡೆಲ್‌ಗಳಲ್ಲಿ ನೂರಾರು. 58 ಸಾವಿರದ ಟಿವಿಯಲ್ಲಿ ಹೆಚ್ಚಿನ ದುಡ್ಡು ಇಲ್ಲಿಗೆ ಹೋಗಿದೆ. ನನ್ನ ಕೇಳಿದರೆ ಅದು ಸಾರ್ಥಕವಾದ ಖರ್ಚು.

ಇನ್ನೊಂದು ಅಂಕಿ ನಿಟ್ಸ್. ಪರದೆ ಎಷ್ಟು ಬೆಳಗುತ್ತದೆ ಅನ್ನುವ ಅಳತೆ ಅದು. ಅಗ್ಗದ 4ಕೆ ಟಿವಿಗಳು 250ರಿಂದ 350 ನಿಟ್ಸ್ ಒಳಗೆ ಇರುತ್ತವೆ. ರಾತ್ರಿ ಲೈಟ್ ಆರಿಸಿ ನೋಡಲು ಸಾಕು. ಮಧ್ಯಾಹ್ನ ಕಿಟಕಿ ತೆರೆದಿರುವ ಹಾಲ್‌ನಲ್ಲಿ, ಎದುರಿನ ಬಾಗಿಲು ಪರದೆಯಲ್ಲಿ ಕಾಣುವ ಮನೆಯಲ್ಲಿ, ಅದು ಸಾಲದು. ಎಚ್‌ಡಿಆರ್ ಕಥೆಯೂ ಇದಕ್ಕೇ ಸೇರಿದ್ದು. ಬೆಳಕಿರುವಲ್ಲಿ ಹೆಚ್ಚು ಬೆಳಕು, ಕತ್ತಲಿರುವಲ್ಲಿ ಹೆಚ್ಚು ಕತ್ತಲು ತೋರಿಸುವ ಚಿತ್ರದ ಬಗೆ ಅದು. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1,000 ನಿಟ್ಸ್ ಪರದೆಯನ್ನು ಮನಸ್ಸಿನಲ್ಲಿಟ್ಟು ತಯಾರು ಮಾಡುತ್ತಾರೆ. 300 ನಿಟ್ಸ್ ಟಿವಿ ಆ ಸಿಗ್ನಲ್ಲನ್ನು ತೆಗೆದುಕೊಳ್ಳುತ್ತದೆ, ಮೂಲೆಯಲ್ಲಿ 'ಡಾಲ್ಬಿ ವಿಷನ್' (ಎಚ್‌ಡಿಆರ್‌ನದೇ ಒಂದು ಬಗೆ) ಅಂತ ಹೆಮ್ಮೆಯಿಂದ ತೋರಿಸುತ್ತದೆ. ಆದರೆ ತನ್ನ ಕೈಲಾಗದ ಬೆಳಕನ್ನು ಎಲ್ಲಿಂದ ತರುತ್ತದೆ? ಹಿಂಡಿ, ತಗ್ಗಿಸಿ ತೋರಿಸುತ್ತದೆ. ಎಷ್ಟೋ ಸಲ ಎಚ್‌ಡಿಆರ್ ಹಾಕಿದಾಗ ಚಿತ್ರ ಇನ್ನೂ ಮಂಕಾಗುತ್ತದೆ. ಡಬ್ಬದ ಮೇಲೆ ಹತ್ತು ಲೋಗೋ ಇದ್ದು ನಿಟ್ಸ್ ಎಷ್ಟು ಅಂತ ಎಲ್ಲೂ ಬರೆದಿಲ್ಲ ಅಂದರೆ ಜಾಸ್ತಿ ಇಲ್ಲ ಅಂತಲೇ ತಿಳಿಯಿರಿ.

ಹಾಗಾಗಿ ಅಳತೆಗೂ ಬೆಳಕಿಗೂ ಜಗಳ ಬಂದಾಗ ನಾನು ಹೀಗೆ ತೀರ್ಮಾನ ಮಾಡುತ್ತೇನೆ. ಸಾಧಾರಣ 55 ಇಂಚು 32 ಸಾವಿರಕ್ಕೆ, 400 ನಿಟ್ಸ್ ಮೇಲಿನ ಕ್ಯೂಎಲ್‌ಇಡಿ 55 ಇಂಚು 40 ಸಾವಿರಕ್ಕೆ ಸಿಕ್ಕರೆ ಆ ಎಂಟು ಸಾವಿರ ಕೊಡಿ. ಮಂಕಾದ 65 ಇಂಚು ಮತ್ತು ಚೆನ್ನಾಗಿ ಬೆಳಗುವ 55 ಇಂಚು ಒಂದೇ ಬೆಲೆಗೆ ನಿಂತರೆ, ಹಗಲಲ್ಲಿ ನೋಡುವ ಮನೆಗೆ 55, ರಾತ್ರಿ ಕಿಟಕಿಯ ಪರದೆ ಎಳೆದು ಸಿನಿಮಾ ನೋಡುವವರಿಗೆ 65.

ಪ್ಯಾನೆಲ್ಲಿನಲ್ಲೂ ಎರಡು ಬಗೆ ಇದೆ. ವಿಎ ಪ್ಯಾನೆಲ್ ಕಪ್ಪನ್ನು ಚೆನ್ನಾಗಿ ಹಿಡಿಯುತ್ತದೆ, ಕಪ್ಪು-ಬಿಳುಪಿನ ಅಂತರ 3,000ಕ್ಕೆ 1, ಕೆಲವದರಲ್ಲಿ 5,000ಕ್ಕೆ 1. ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೊಳೆದುಹೋಗುತ್ತದೆ. ಐಪಿಎಸ್ ಪ್ಯಾನೆಲ್ಲಿನಲ್ಲಿ ಆ ಅಂತರ ಸುಮಾರು 1,000ಕ್ಕೆ 1 ಅಷ್ಟೇ, ಆದರೆ ಯಾವ ಮೂಲೆಯಿಂದ ನೋಡಿದರೂ ಬಣ್ಣ ಹಾಗೇ ಇರುತ್ತದೆ. ಇಬ್ಬರೇ ಎದುರಿಗೆ ಕೂತು ನೋಡುವ ಮನೆಗೆ ವಿಎ. ಎಲ್ ಆಕಾರದ ಸೋಫಾ, ಚಾಪೆ ಮೇಲೆ ಮಕ್ಕಳು, ಅಡುಗೆಮನೆ ಬಾಗಿಲಲ್ಲಿ ನಿಂತು ಇಣುಕುವವರು, ಇಷ್ಟೆಲ್ಲ ಇದ್ದರೆ ಐಪಿಎಸ್. ಒಂದು ಎಚ್ಚರಿಕೆ: ಒಂದೇ ಮಾಡೆಲ್‌ನ 50 ಇಂಚಿನಲ್ಲಿ ಒಂದು ಬಗೆ, 55 ಇಂಚಿನಲ್ಲಿ ಇನ್ನೊಂದು ಬಗೆ ಇರುವುದುಂಟು. ನೀವು ಕೊಳ್ಳುವ ಅಳತೆಯದನ್ನೇ ನೋಡಿ.

ಕ್ರಿಕೆಟ್‌ಗೆ 120 ಹರ್ಟ್ಜ್ ಬೇಕಾ?

ಬೇಡ. ಹರ್ಟ್ಜ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ. ನಮ್ಮಲ್ಲಿ ಟಿವಿಯಲ್ಲಿ ಪ್ರಸಾರ ಆಗುವ ಕ್ರಿಕೆಟ್ ಸೆಕೆಂಡಿಗೆ 50ರ ಲೆಕ್ಕದಲ್ಲಿ ಬರುತ್ತದೆ. 60 ಹರ್ಟ್ಜ್ ಪ್ಯಾನೆಲ್ ಅದಕ್ಕೆ ಸಾಕು. ಚೆಂಡಿನ ಹಿಂದೆ ಬಾಲ ಬಂದ ಹಾಗೆ ಕಂಡರೆ ಅದಕ್ಕೆ ಕಾರಣ ಹೆಚ್ಚಾಗಿ ಪ್ಯಾನೆಲ್ಲಿನ ನಿಧಾನ. 'ಮೋಷನ್ ರೇಟ್ 120' ಅಂತ ಬರೆದಿದ್ದರೆ ಅದು ಬಹಳ ಸಲ 60 ಹರ್ಟ್ಜ್ ಪರದೆಯೇ. ಎಂಇಎಂಸಿ ಅನ್ನುವುದು ಎರಡು ಚಿತ್ರಗಳ ನಡುವೆ ಟಿವಿ ತಾನೇ ಒಂದು ಚಿತ್ರ ಹುಟ್ಟಿಸಿ ಸೇರಿಸುವ ಕೆಲಸ. ಮ್ಯಾಚಿಗೆ ಪರವಾಗಿಲ್ಲ. ಸಿನಿಮಾ ಹಾಕಿದಾಗ ಆಫ್ ಮಾಡಿ, ಇಲ್ಲವಾದರೆ ಸೆಕೆಂಡಿಗೆ 24 ಚಿತ್ರದ ಸಿನಿಮಾ ಕೂಡ ಸೀರಿಯಲ್ ಥರ ಕಾಣುತ್ತದೆ. ಮನೆಯಲ್ಲಿ ಪ್ಲೇಸ್ಟೇಷನ್ 5 ಇಟ್ಟುಕೊಂಡಿರುವ ಮಗನೋ ಮಗಳೋ ಇದ್ದರೆ ಮಾತ್ರ ನಿಜವಾದ 120 ಹರ್ಟ್ಜ್ ಮತ್ತು ಎಚ್‌ಡಿಎಂಐ 2.1 ಹುಡುಕಿ.

ಸ್ಮಾರ್ಟ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್ ಟಿವಿ, ಸ್ಯಾಮ್‌ಸಂಗ್‌ನ ಟೈಜೆನ್, ಎಲ್‌ಜಿಯ ವೆಬ್‌ಓಎಸ್, ಫೈರ್ ಟಿವಿ, ಯಾವುದಾದರೂ ಸರಿ, ನೀವು ನೋಡುವ ಆ್ಯಪ್‌ಗಳು ಇವೆಯಾ ಅಂತ ನೋಡಿದರೆ ಮುಗಿಯಿತು. ರ್‍ಯಾಮ್ 2 ಜಿಬಿ, ಸ್ಟೋರೇಜ್ 16 ಜಿಬಿ ಇರಲಿ. ಮೂರ್ನಾಲ್ಕು ವರ್ಷದಲ್ಲಿ ಎಲ್ಲವೂ ತೆವಳಲು ಶುರು ಮಾಡುತ್ತವೆ. ಆಗ ಮೂರರಿಂದ ಆರು ಸಾವಿರದ ಒಂದು ಸ್ಟಿಕ್ ಹಿಂದೆ ಚುಚ್ಚಿದರೆ ಟಿವಿ ಮತ್ತೆ ಹೊಸದು. ಎಚ್‌ಡಿಎಂಐ ತೂತು ಮಾತ್ರ ಮೂರು ಇರಲೇಬೇಕು: ಸೆಟ್‌ಟಾಪ್ ಬಾಕ್ಸಿಗೆ ಒಂದು, ಮುಂದೆ ಬರುವ ಸ್ಟಿಕ್ಕಿಗೆ ಒಂದು, ಸೌಂಡ್‌ಬಾರಿಗೆ ಒಂದು. ಸೌಂಡ್‌ಬಾರಿನದ್ದು ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ ತೂತು ಆಗಿರಬೇಕು. ಇಷ್ಟು ತೆಳ್ಳಗಿನ ಟಿವಿಯಿಂದ ಒಳ್ಳೆ ಸೌಂಡ್ ನಿರೀಕ್ಷೆ ಮಾಡುವುದೇ ತಪ್ಪು, ಅದನ್ನು ಬೋನಸ್ ಬಂದಾಗ ನೋಡಿಕೊಳ್ಳೋಣ.

ಹೆಸರು ಯಾರದ್ದು, ರಿಪೇರಿಗೆ ಬರೋರು ಯಾರು

ಟಿವಿ ಮೇಲೆ ಕೊಡಾಕ್ ಅಂತಲೋ ಥಾಮ್ಸನ್ ಅಂತಲೋ ಇದ್ದರೆ ಅದನ್ನು ಮಾಡಿರುವುದು ಆ ಹಳೇ ಕಂಪನಿಗಳಲ್ಲ. ನೊಯಿಡಾದ ಸೂಪರ್ ಪ್ಲಾಸ್ಟ್ರಾನಿಕ್ಸ್ ಅನ್ನುವ ಕಂಪನಿ ಹೆಸರಿನ ಲೈಸೆನ್ಸ್ ಪಡೆದು ಮಾಡುತ್ತದೆ. ಏಸರ್ ಟಿವಿಗಳನ್ನು ನಮ್ಮ ಬೆಂಗಳೂರಿನ ಇಂಡ್‌ಕಲ್ ಟೆಕ್ನಾಲಜೀಸ್ ಅದೇ ರೀತಿ ತರುತ್ತದೆ. ತೋಷಿಬಾ ಟಿವಿ ವ್ಯವಹಾರವನ್ನು ಚೀನಾದ ಹೈಸೆನ್ಸ್ ಕೊಂಡುಕೊಂಡಿದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಹೆಮ್ಮೆಯಾಗಿದ್ದ ಬಿಪಿಎಲ್ ಹೆಸರು ಈಗ ರಿಲಯನ್ಸ್ ಅಂಗಡಿಗಳ ಟಿವಿಗಳ ಮೇಲಿದೆ.

ಇದರಲ್ಲಿ ಮೋಸ ಏನಿಲ್ಲ. ಕೆಲವು ಟಿವಿಗಳು ಬೆಲೆಗೆ ಚೆನ್ನಾಗಿಯೂ ಇರುತ್ತವೆ. ಆದರೆ 'ಕೊಡಾಕ್ ಅಲ್ವಾ, ಹಳೇ ಕಂಪನಿ' ಅನ್ನುವ ನಂಬಿಕೆಗೆ ಅರ್ಥ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಪರದೆಯಲ್ಲಿ ಗೆರೆ ಬಂದರೆ ನಮ್ಮೂರಿಗೆ ಯಾರು ಬರುತ್ತಾರೆ? ಬೆಂಗಳೂರಲ್ಲಿ ಎಲ್ಲ ಕಂಪನಿಯವರೂ ಬರುತ್ತಾರೆ. ಶಿರಸಿಗೋ ಸಿಂಧನೂರಿಗೋ ಎಲ್ಲರೂ ಬರಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಪಿನ್‌ಕೋಡ್ ಹೇಳಿ ಕೇಳಿ. ಊರಿನ ಟಿವಿ ರಿಪೇರಿಯವರನ್ನೂ ಕೇಳಿ, ಯಾವುದರ ಬಿಡಿಭಾಗ ಸಿಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಚಿಕ್ಕ ಊರಿನವರಿಗೆ ಸರ್ವಿಸ್ ಇರುವ ಕಂಪನಿಯ ಟಿವಿ ನಾಲ್ಕು ಸಾವಿರ ಜಾಸ್ತಿಯಾದರೂ ಅಗ್ಗವೇ.

ವಾರಂಟಿ ಸಾಮಾನ್ಯವಾಗಿ ಒಂದು ವರ್ಷ. ಪ್ಯಾನೆಲ್ ಹೋದರೆ ಹೊಸದಕ್ಕೆ ಟಿವಿಯ ಬೆಲೆಯ ಹತ್ತಿರವೇ ಆಗುತ್ತದೆ, ಹಾಗಾಗಿ ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳುವುದಾದರೆ ಪ್ಯಾನೆಲ್ ಸೇರಿದೆಯಾ ಅಂತ ಕಾಗದದಲ್ಲಿ ಓದಿ. ಮಗು ಚೆಂಡು ಎಸೆದು ಒಡೆದರೆ ಯಾವ ವಾರಂಟಿಯೂ ಬರಲ್ಲ. ಕಂಪನಿಯವರು ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915.

ಅಂಗಡಿಯಲ್ಲಿ ಹತ್ತು ನಿಮಿಷ

ಆನ್‌ಲೈನಲ್ಲಿ ಕೊಂಡರೂ ಮೊದಲು ಅಂಗಡಿಗೆ ಹೋಗಿ ಕಣ್ಣಾರೆ ನೋಡಿ. ಬೆಂಗಳೂರಿನ ಎಸ್‌.ಪಿ. ರೋಡ್ ಆಗಲಿ, ಮೈಸೂರಿನ ದೇವರಾಜ ಅರಸ್ ರಸ್ತೆ ಆಗಲಿ, ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಆಗಲಿ. ಅಂಗಡಿಯ ಟಿವಿಗಳು ಕಣ್ಣು ಕುಕ್ಕುವ 'ವಿವಿಡ್' ಮೋಡ್‌ನಲ್ಲಿರುತ್ತವೆ. ಗಿಳಿಯ ವಿಡಿಯೊ ಕಂಪನಿಯೇ ಕೊಟ್ಟಿದ್ದು. ಅದನ್ನು ನೋಡಿ ತೀರ್ಮಾನ ಮಾಡಿದರೆ ಗಿಳಿಗೇ ದುಡ್ಡು ಕೊಟ್ಟ ಹಾಗೆ.

"ರಿಮೋಟ್ ಒಂದ್ಸಲ ಕೊಡ್ತೀರಾ?"

"ಡೆಮೊ ಲಾಕ್ ಆಗಿದೆ ಸರ್."

"ತೆಗೆದು ತೋರಿಸಿ ಅಣ್ಣ, ತಗೊಳ್ಳೋಕೇ ಬಂದಿರೋದು."

ತೆಗೆಯುತ್ತಾರೆ. ಮೋಡ್ ಬದಲಾಯಿಸಿ 'ಸಿನಿಮಾ' ಇಲ್ಲವೇ 'ಮೂವಿ' ಅಂತ ಇರುವುದಕ್ಕೆ ತನ್ನಿ. ಮನೆಯಿಂದ ಒಂದು ಪೆನ್‌ಡ್ರೈವ್ ತಗೊಂಡು ಹೋಗಿ. ಅದರಲ್ಲಿ ಮೂರು ತುಣುಕು ಸಾಕು: ರಾತ್ರಿಯ ಒಂದು ದೃಶ್ಯ, ಕ್ಯಾಮೆರಾ ಮೈದಾನದ ಉದ್ದಕ್ಕೂ ಓಡುವ ಒಂದು ಆಟ, ಹಳೇ ಕನ್ನಡ ಸಿನಿಮಾದ ಕಡಿಮೆ ಗುಣಮಟ್ಟದ ಒಂದು ಹಾಡು. ರಾತ್ರಿಯ ದೃಶ್ಯದಲ್ಲಿ ನಾಲ್ಕು ಮೂಲೆ ನೋಡಿ, ಬೆಳಕು ಸೋರುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ. ಮೈದಾನದ ಹಸಿರಲ್ಲಿ ಕಲೆ ಕಲೆಯಾಗಿ ನೆರಳು ಕಾಣುತ್ತಾ ನೋಡಿ. ಹಳೇ ಹಾಡಿನಲ್ಲಿ ಮುಖ ಮೇಣದ ಹಾಗೆ ನುಣುಪಾಗದೆ ಮುಖದ ಹಾಗೇ ಇದೆಯಾ ನೋಡಿ. ಕೊನೆಗೆ ಪಕ್ಕಕ್ಕೆ ನಾಲ್ಕು ಹೆಜ್ಜೆ ಹೋಗಿ ನಿಂತು ಬಣ್ಣ ನೋಡಿ.

ದುಡ್ಡು ಕಟ್ಟುವಾಗ 'ನೋ ಕಾಸ್ಟ್ ಇಎಂಐ' ಮಾತಿಗೆ ಸ್ವಲ್ಪ ನಿಲ್ಲಿ. ಬ್ಯಾಂಕು ಬಡ್ಡಿ ಹಾಕುತ್ತದೆ, ಆ ಬಡ್ಡಿಯಷ್ಟನ್ನು ಮಾರುವವರು ರಿಯಾಯಿತಿ ಅಂತ ಕಳೆಯುತ್ತಾರೆ. ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದೂ ನಿಮ್ಮ ತಲೆಗೇ. 'ಕ್ಯಾಶ್ ಕೊಟ್ಟರೆ ಎಷ್ಟು?' ಅಂತ ಕೇಳಿ ನೋಡಿ, ಉತ್ತರದಲ್ಲಿ ವ್ಯತ್ಯಾಸ ಕಾಣುತ್ತದೆ. ವಾಲ್ ಮೌಂಟಿಗೆ, ಹಾಕುವ ಕೂಲಿಗೆ ಬೇರೆ ದುಡ್ಡಾ ಅಂತಲೂ ಕೇಳಿ. ಕಾಯೋಕೆ ಆಗುವುದಾದರೆ ದಸರಾದಿಂದ ದೀಪಾವಳಿವರೆಗಿನ ದಿನಗಳು ಒಳ್ಳೆಯವು. ಹೋದ ವರ್ಷದ ಮಿನಿ ಎಲ್‌ಇಡಿ ಮಾಡೆಲ್‌ಗಳು ನಮ್ಮ ಬಜೆಟ್ಟಿನ ಹತ್ತಿರಕ್ಕೆ ಇಳಿಯುವುದು ಆಗಲೇ.

ಕರೆಂಟು, ಸಿಡಿಲು

55 ಇಂಚಿನ ಟಿವಿ 120 ವ್ಯಾಟ್ ಎಳೆಯುತ್ತದೆ ಅಂದುಕೊಂಡರೆ ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 18 ಯೂನಿಟ್. ಜಾಸ್ತಿ ಏನಲ್ಲ. ಆದರೆ ಗೃಹಜ್ಯೋತಿಯಲ್ಲಿ ನಿಮ್ಮ ಹಳೇ ಸರಾಸರಿ ಬಳಕೆಯ ಮೇಲೆ ಮಿತಿ ಹಾಕಿರುತ್ತಾರೆ, ಅದನ್ನು ದಾಟಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಈಗಲೇ 190ರ ಹತ್ತಿರ ಇರುವ ಮನೆಗೆ ಈ 18 ಯೂನಿಟ್ ಸಣ್ಣದಲ್ಲ. ವಿವಿಡ್ ಮೋಡ್ ಬಿಟ್ಟು ಸಿನಿಮಾ ಮೋಡ್‌ಗೆ ಬಂದರೆ ಬೆಳಕು ಇಳಿದು ಖರ್ಚೂ ಇಳಿಯುತ್ತದೆ.

ಸ್ಟೆಬಿಲೈಜರ್ ಎಲ್ಲರಿಗೂ ಬೇಕಿಲ್ಲ. ಟಿವಿ ಹಿಂದಿನ ಸ್ಟಿಕ್ಕರ್ ನೋಡಿ, ಬಹಳಷ್ಟರಲ್ಲಿ 100ರಿಂದ 240 ವೋಲ್ಟ್ ಅಂತ ಇರುತ್ತದೆ. ವೋಲ್ಟೇಜ್ ಏರಿಳಿತ ಜೋರಾಗಿರುವ ಹಳ್ಳಿಯಾದರೆ ಮಾತ್ರ ಹಾಕಿಸಿ. ಸಿಡಿಲಿನ ವಿಷಯ ಬೇರೆ, ಅದಕ್ಕೆ ಸ್ಟೆಬಿಲೈಜರೂ ಇಲ್ಲ, ಸ್ಪೈಕ್ ಗಾರ್ಡೂ ಪೂರ್ತಿ ಇಲ್ಲ. ಮಲೆನಾಡು, ಕರಾವಳಿ ಕಡೆಯವರಿಗೆ ಮುಂಗಾರಿಗೆ ಮೊದಲಿನ ಗುಡುಗು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಆಗ ಪ್ಲಗ್ ಕಿತ್ತರೆ ಅರ್ಧ ಕೆಲಸ ಮಾತ್ರ ಆಯಿತು. ಛಾವಣಿ ಮೇಲಿನ ಡಿಶ್‌ನಿಂದ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ದಾರಿಯಾಗಿ ಟಿವಿಗೆ ಬರುವ ವೈರಿನಲ್ಲೂ ಸಿಡಿಲಿನ ಏಟು ಇಳಿಯುತ್ತದೆ. ಡಿಶ್‌ನ ವೈರನ್ನೂ, ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಬಿಚ್ಚಿ. ಮೋಡ ಕಟ್ಟುವಾಗಲೇ ಬಿಚ್ಚಿ. ತಲೆ ಮೇಲೆ ಗುಡುಗುತ್ತಿರುವಾಗ ಆ ವೈರ್ ಮುಟ್ಟಲು ಹೋಗಬೇಡಿ.

ಟಿವಿ ಮನೆಗೆ ಬಂದ ದಿನ ಡಬ್ಬ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಡಬ್ಬವನ್ನು ನಿಲ್ಲಿಸಿಯೇ ಸಾಗಿಸಲಿ, ಮಲಗಿಸಿದರೆ ಗಾಜಿಗೆ ಅಪಾಯ. ಹಾಕಿದವರು ಹೋಗುವ ಮೊದಲೇ ಯೂಟ್ಯೂಬ್‌ನಲ್ಲಿ ಪೂರ್ತಿ ಬೂದುಬಣ್ಣದ, ಪೂರ್ತಿ ಬಿಳಿಯ, ಪೂರ್ತಿ ಕಪ್ಪಿನ ಪರದೆ ಹಾಕಿ ನೋಡಿ, ಸತ್ತ ಚುಕ್ಕೆ, ಕಲೆ ಇದ್ದರೆ ಅಲ್ಲೇ ಫೋಟೊ ತೆಗೆಯಿರಿ. ಮೂರೂ ಎಚ್‌ಡಿಎಂಐ ತೂತಿಗೂ ಸೆಟ್‌ಟಾಪ್ ಬಾಕ್ಸನ್ನು ಒಂದೊಂದು ಸಲ ಚುಚ್ಚಿ ನೋಡಿ. ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಡಬ್ಬವನ್ನು, ಒಳಗಿನ ಥರ್ಮಾಕೋಲನ್ನು ಗುಜರಿಯವನಿಗೆ ಕೊಡಬೇಡಿ.